'ನನ್ನ ಕಡಿಂದ ಆಗೂದಿಲ್ಲ' ಅಂತ ಮನಸ್ಸು ಹಟ ಹಿಡಿದಾಗ: ಕೆಟ್ಟ ಯೋಚನೆಗಳನ್ನು ಪ್ರಶ್ನಿಸುವ ಸಮಗ್ರ ಮಾರ್ಗದರ್ಶಿ

ಇದಕ್ಕೆ ಬೇಕಾಗುವುದು ಒಂದು ನೋಟ್‌ಬುಕ್, ಒಂದು ಪೆನ್ನು, ದಿನಕ್ಕೆ ಕಾಲು ಗಂಟೆ. ಮೊಬೈಲ್‌ನಲ್ಲೂ ಬರೆಯಬಹುದು. ಆದರೆ ಬರೆಯೋಣ ಅಂತ ಮೊಬೈಲ್ ತೆಗೆದವರು ವಾಟ್ಸಾಪ್ ನೋಡಿ ಮುಚ್ಚಿಡುವುದೇ ಜಾಸ್ತಿ. ಕಾಗದವೇ ವಾಸಿ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಇದು 'ಪಾಸಿಟಿವ್ ಥಿಂಕಿಂಗ್' ಪಾಠ ಅಲ್ಲ. ಬೆಳಗಾದರೆ ಸೂರ್ಯೋದಯದ ಫೋಟೋ ಜೊತೆ 'ಒಳ್ಳೆಯದನ್ನೇ ಯೋಚಿಸಿ' ಅಂತ ಮೆಸೇಜು ಬರುತ್ತದಲ್ಲ, ನಿಜವಾಗಿ ನೊಂದವರಿಗೆ ಅದರಿಂದ ಸಿಗುವ ಉಪಯೋಗ ಅಷ್ಟಕ್ಕಷ್ಟೆ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದ್ದರು. ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡಿದ್ದವರು 'ನಾನು ಪ್ರೀತಿಗೆ ಯೋಗ್ಯ' ಅಂತ ಮತ್ತೆ ಮತ್ತೆ ಹೇಳಿಕೊಂಡಾಗ, ಅವರ ಮನಸ್ಸು ಹಗುರಾಗುವ ಬದಲು ಇನ್ನಷ್ಟು ಕುಗ್ಗಿತು. ತಾನೇ ನಂಬದ ಮಾತನ್ನು ಬಾಯಿಂದ ಹೇಳಿಸಿದರೆ ಒಳಗಿನಿಂದ ಎದುರು ಮಾತು ಏಳದೆ ಇರುತ್ತದೆಯೇ?

ಹಾಗಂತ ಯೋಚನೆಯನ್ನು ಅದುಮಿಡುವುದೂ ಕೆಲಸಕ್ಕೆ ಬರುವುದಿಲ್ಲ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಒಂದು ತಮಾಷೆಯಂಥ ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಕೂರಿಸಿ 'ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ' ಅಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ 'ಈಗ ಬೇಕಾದರೆ ಯೋಚಿಸಿ' ಅಂದಾಗ ಕರಡಿ ಇನ್ನೂ ಜಾಸ್ತಿ ಬಂತು. 'ಸುಮ್ನೆ ತಲಿ ಕೆಡಿಸ್ಕೋಬ್ಯಾಡ' ಅಂತ ಮನೆಯವರು ಪ್ರೀತಿಯಿಂದಲೇ ಹೇಳಿದರೂ ತಲೆ ಇನ್ನಷ್ಟು ಕೆಡುವುದು ಇದಕ್ಕೇ.

ಉಳಿದ ದಾರಿ ಒಂದು: ಯೋಚನೆಯನ್ನು ಎದುರಿಗೆ ಕೂರಿಸಿಕೊಂಡು ಕೇಳುವುದು. ಊರ ಕಟ್ಟೆಯ ಮುಂದೆ ಯಾರೋ ಬಂದು ದೂರು ಹೇಳಿದರೆ ಹಿರಿಯರು ಹೂಂ ಅಂದು ಎದ್ದುಬಿಡುವುದಿಲ್ಲ, ಹೋಗಾಚೆ ಅಂತ ಓಡಿಸುವುದೂ ಇಲ್ಲ. 'ಕಣ್ಣಿಲೆ ನೋಡಿದವರು ಯಾರಪಾ?' ಅಂತ ಕೇಳುತ್ತಾರೆ. ಇಲ್ಲೂ ಮಾಡುವುದು ಅಷ್ಟೇ. ದೂರು ನಿಜವಿದ್ದರೂ ಇರಬಹುದು. ಸಾಕ್ಷಿ ಕೇಳುವ ತನಕ ಗೊತ್ತಾಗುವುದಿಲ್ಲ, ಅಲ್ವಾ?

ಈ ಪದ್ಧತಿಗೆ ಅಡಿಪಾಯ ಹಾಕಿದವರಲ್ಲಿ ಮುಖ್ಯರು ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್. 1960ರ ದಶಕದ ಮೊದಲಲ್ಲಿ ಖಿನ್ನತೆಯ ರೋಗಿಗಳ ಮಾತು ಕೇಳುತ್ತಾ ಅವರು ಒಂದು ಸಂಗತಿ ಗಮನಿಸಿದರು. ರೋಗಿಗಳ ತಲೆಯಲ್ಲಿ ಕರೆಯದೆ ಬರುವ ಸಣ್ಣ ಸಣ್ಣ ವಾಕ್ಯಗಳು ಓಡುತ್ತಿದ್ದವು. ತನ್ನ ಬಗ್ಗೆ, ಸುತ್ತಲಿನ ಲೋಕದ ಬಗ್ಗೆ, ಮುಂದಿನ ದಿನಗಳ ಬಗ್ಗೆ, ಮೂರೂ ಕಡೆ ಕತ್ತಲೆಯೇ. ರೋಗಿಗಳು ಅವನ್ನು ಯೋಚನೆ ಅಂದುಕೊಂಡಿರಲೇ ಇಲ್ಲ, ನಿಜಸಂಗತಿ ಅಂದುಕೊಂಡಿದ್ದರು. ಅದರಿಂದ ಬೆಳೆದದ್ದೇ ಇವತ್ತು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅಂತ ಕರೆಯುವ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ. ಬೆಕ್ ನೂರು ವರ್ಷ ಬಾಳಿ 2021ರಲ್ಲಿ ತೀರಿಕೊಂಡರು.

ಹಂತ 1: ಯೋಚನೆಯನ್ನು ಹಿಡಿಯುವುದು

ಇಂಥ ಯೋಚನೆ ಅರ್ಧ ಸೆಕೆಂಡಿನಲ್ಲಿ ಹಾದುಹೋಗುತ್ತದೆ. ಅದು ಬಿಟ್ಟುಹೋದ ಗುರುತು ಮಾತ್ರ ಮೈಯಲ್ಲಿ ಉಳಿಯುತ್ತದೆ: ಎದೆ ಭಾರ, ಹೊಟ್ಟೆಯಲ್ಲಿ ಕಲಸಿದ ಹಾಗೆ, ಊಟದ ಮುಂದೆ ಕೂತರೂ ತುತ್ತು ಇಳಿಯದಿರುವುದು. ಮನಸ್ಸು ತಟ್ಟನೆ ಇಳಿಯಿತು ಅಂತ ಗೊತ್ತಾದ ಕೂಡಲೇ ಕೇಳಿಕೊಳ್ಳಿ: 'ಈಗಷ್ಟೇ ತಲೆಯಲ್ಲಿ ಏನು ಹಾದುಹೋಯಿತು?'

ಆಮೇಲೆ ಮೂರನ್ನು ಬೇರೆ ಬೇರೆ ಬರೆಯಿರಿ. ಏನು ನಡೆಯಿತು, ಏನು ಯೋಚಿಸಿದೆ, ಏನು ಅನಿಸಿತು. ಬೆಳಗಾವಿಯ ಒಂದು ಆಫೀಸು ಅಂದುಕೊಳ್ಳಿ. ಸಾಹೇಬರು 'ಸಂಜೆ ಒಮ್ಮೆ ಬಂದು ಭೇಟಿ ಆಗ್ರಿ' ಅಂದರು. ನಡೆದದ್ದು ಅಷ್ಟೇ. 'ಕೆಲಸ ಹೋತು' ಎನ್ನುವುದು ಯೋಚನೆ. ಹೆದರಿಕೆ ಎನ್ನುವುದು ಭಾವನೆ. ನಡೆದದ್ದರ ಸಾಲಿನಲ್ಲಿ ಸಿಸಿಟಿವಿ ಕ್ಯಾಮೆರಾಕ್ಕೆ ಕಾಣುವಂಥದ್ದು, ಕೇಳುವಂಥದ್ದು ಮಾತ್ರ ಇರಬೇಕು. 'ಸಿಟ್ಟಿನಿಂದ ಕರೆದರು' ಅಂತ ಬರೆದಿದ್ದರೆ ಅಲ್ಲೇ ನಿಮ್ಮ ಯೋಚನೆ ಕಳ್ಳಹೆಜ್ಜೆ ಇಟ್ಟು ಒಳಗೆ ಬಂದಿದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. 'ಅವರಿಗೆ ನಾನು ಬ್ಯಾಡಾಗೇನಿ ಅಂತ ಅನಸ್ತೈತಿ' ಅನ್ನುತ್ತೇವೆ. 'ಅನಸ್ತೈತಿ' ಅಂದ ಮಾತ್ರಕ್ಕೆ ಅದು ಭಾವನೆ ಆಗುವುದಿಲ್ಲ. ದುಃಖ, ಸಿಟ್ಟು, ನಾಚಿಕೆ, ಹೆದರಿಕೆ, ಭಾವನೆಗೆ ಇಂಥ ಒಂದೇ ಪದ ಸಾಕು. ಉದ್ದ ವಾಕ್ಯ ಬಂದರೆ ಅದು ಯೋಚನೆ. ಈ ವ್ಯತ್ಯಾಸಕ್ಕೆ ಯಾಕೆ ಇಷ್ಟು ಬೆಲೆ ಅಂದರೆ, ಭಾವನೆಯನ್ನು ಸರಿಯೋ ತಪ್ಪೋ ಅಂತ ಕೇಳಲು ಬರುವುದಿಲ್ಲ. ದುಃಖ ಆಗಿದೆ ಅಂದರೆ ಆಗಿದೆ, ಅಷ್ಟೇ. ಕೇಳಲು ಬರುವುದು ಯೋಚನೆಯನ್ನು ಮಾತ್ರ.

ಹಂತ 2: ಬಂದ ಮಾತಿನಲ್ಲೇ ಬರೆಯುವುದು

'ನಾನು ಅಸಮರ್ಥ' ಅಂತ ಬಾಗಲಕೋಟೆಯಲ್ಲಿ ಯಾರೂ ಯೋಚಿಸುವುದಿಲ್ಲ. 'ನನ್ನ ಕಡಿಂದ ಆಗೂದಿಲ್ಲ' ಅಂತಲೇ ಯೋಚಿಸುತ್ತಾರೆ. ಪುಸ್ತಕದ ಭಾಷೆಗೆ ತಿರುಗಿಸಿ ಬರೆದರೆ ಅದರ ಖಾರ ಹೋಗಿಬಿಡುತ್ತದೆ, ನೀವು ಬೇರೆ ಯಾರದೋ ಯೋಚನೆಯ ಜೊತೆ ಜಗಳ ಆಡಿದಂತಾಗುತ್ತದೆ. ಬೈಗುಳ ಬಂದಿದ್ದರೆ ಬೈಗುಳವನ್ನೇ ಬರೆಯಿರಿ. ಬೆಳಗಾವಿಯಲ್ಲಿ ಕೆಲವರಿಗೆ ಅರ್ಧ ವಾಕ್ಯ ಮರಾಠಿಯಲ್ಲಿ ಬರುತ್ತದೆ, ಹಾಗೇ ಇರಲಿ.

ಪ್ರಶ್ನೆಯ ರೂಪದಲ್ಲಿ ಬಂದ ಯೋಚನೆಯನ್ನು ಹೇಳಿಕೆ ಮಾಡಿಕೊಳ್ಳಿ. 'ನನಗ ಹಿಂಗ್ಯಾಕ ಆಗ್ತದ?' ಅನ್ನುವುದಕ್ಕೆ ಸಾಕ್ಷಿ ಕೇಳಲು ಆಗುವುದಿಲ್ಲ. ಅದರ ಹಿಂದೆ 'ನನ್ನ ಹಣೇಬರಾನ ಕೆಟ್ಟದ್ದು' ಅನ್ನುವ ವಾಕ್ಯ ಇರುತ್ತದೆ. 'ಮುಂದ ಹೆಂಗ?' ಎಂಬುದರ ಹಿಂದೆ 'ಮುಂದ ದಾರೀನ ಇಲ್ಲ' ಅನ್ನುವುದು ಇರುತ್ತದೆ.

ಕೆಲವು ಸಲ ಬರೆದ ವಾಕ್ಯ ಚಿಕ್ಕದು, ಸಂಕಟ ಮಾತ್ರ ಬೆಟ್ಟದಷ್ಟು. 'ಗೆಳೆಯನ ಮದುವಿಗೆ ಹೋಗಲಿಲ್ಲ' ಅನ್ನುವುದಕ್ಕೆ ಮೂರು ದಿನ ನಿದ್ದೆ ಬಂದಿಲ್ಲ ಅಂದರೆ ಅದರ ಕೆಳಗೆ ಇನ್ನೊಂದು ಇದೆ. 'ಹೋಗಲಿಲ್ಲ ಅಂದ್ರ ಏನಾತು?' 'ಅವ ಸಿಟ್ಟಾಗ್ತಾನ.' 'ಸಿಟ್ಟಾದ್ರ ಏನಾತು?' 'ಮಾತು ಬಿಡ್ತಾನ.' 'ಬಿಟ್ರ?' 'ನನಗ ಯಾರೂ ಇಲ್ಲ.' ಕಡೆಗೆ ಸಿಕ್ಕಿತಲ್ಲ, ಅದೇ ಬೇರು. ಅದನ್ನು ಬರೆದುಕೊಳ್ಳಿ.

ವಾಕ್ಯದ ಪಕ್ಕ ಒಂದು ಅಂಕಿ ಹಾಕಿ. ಈ ಗಳಿಗೆಯಲ್ಲಿ ಇದನ್ನು ನೂರಕ್ಕೆ ಎಷ್ಟು ನಂಬುತ್ತೀರಿ? 95 ಅಂದರೆ 95. ಇದು ಆಮೇಲೆ ಬೇಕಾಗುತ್ತದೆ.

ಹಂತ 3: ಯೋಚನೆಯ ಚಾಳಿ ಗುರುತಿಸುವುದು

ಪುಸ್ತಕಗಳಲ್ಲಿ ಹತ್ತು ಹನ್ನೆರಡು ಬಗೆಯ ಪಟ್ಟಿ ಕೊಡುತ್ತಾರೆ. ಅಷ್ಟೆಲ್ಲ ಬಾಯಿಪಾಠ ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ. 'ಯಾವಾಗಲೂ', 'ಎಲ್ಲಾರೂ', 'ಒಂದೂ ಇಲ್ಲ' ಅನ್ನುವ ಪದ ಕಂಡರೆ ಅಡಿಗೆರೆ ಹಾಕಿ. ಬೇರೆಯವರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಿರುವ ಹಾಗೆ ಬರೆದಿದ್ದರೆ, ನಾಳೆ ಏನಾಗುತ್ತದೆ ಅಂತ ಜ್ಯೋತಿಷ್ಯ ಹೇಳಿದ್ದರೆ, ಒಂದು ಕೆಲಸ ಕೆಟ್ಟಿದ್ದಕ್ಕೆ ಇಡೀ ಮನುಷ್ಯನಿಗೇ 'ದಂಡಪಿಂಡ' ಅಂತ ಹೆಸರಿಟ್ಟಿದ್ದರೆ, ಅವಕ್ಕೂ ಗೆರೆ ಹಾಕಿ. ಇಷ್ಟು ಸಾಕು.

ನಮ್ಮ ಕಡೆ ಎಲ್ಲಕ್ಕಿಂತ ಜಾಸ್ತಿ ಓಡಾಡುವ ಯೋಚನೆ 'ಮಂದಿ ಏನಂದಾರು'. ಅದಕ್ಕೆ ಬೇರೆಯೇ ಮದ್ದು ಬೇಕು. ಮಂದಿ ಅಂದರೆ ಯಾರು? ಹೆಸರು ಬರೆಯಿರಿ. ಬರೆಯಲು ಕೂತರೆ ಊರಿಗೆ ಊರೇ ಅಂದುಕೊಂಡಿದ್ದದ್ದು ನಾಲ್ಕೈದು ಹೆಸರಿಗೆ ನಿಲ್ಲುತ್ತದೆ. ಒಬ್ಬ ದೊಡ್ಡಪ್ಪ, ಎದುರು ಮನೆಯವರು, ಜೊತೆಗೆ ಓದಿದ ಒಬ್ಬ. ಪ್ರತಿ ಹೆಸರಿನ ಮುಂದೆ ಎರಡು ವಿಷಯ ಬರೆಯಿರಿ: ಅವರು ನಿಜಕ್ಕೂ ಏನು ಅಂದಾರು, ಅಂದರೆ ನಿಮ್ಮ ದಿನಚರಿಯಲ್ಲಿ ಏನು ಬದಲಾದೀತು. 'ಮಂದಿ ಏನೂ ಅನ್ನೂದಿಲ್ಲ' ಅಂತ ಸಮಾಧಾನ ಹೇಳಿಕೊಳ್ಳಬೇಡಿ. ಹಳ್ಳಿಯಲ್ಲಿ ಮಂದಿ ಅನ್ನುತ್ತಾರೆ, ಅದು ಸುಳ್ಳಲ್ಲ. ಅಂದ ಮೇಲೆ ಏನು ಎಂಬುದೇ ಇಲ್ಲಿ ಕೇಳಬೇಕಾದದ್ದು.

ಹಂತ 4: ಸಾಕ್ಷಿ ಕೇಳುವುದು

ಇದು ಇಡೀ ಕೆಲಸದ ಜೀವ. ಒಂದು ಉದಾಹರಣೆ ಕಟ್ಟಿಕೊಂಡು ನಿಧಾನವಾಗಿ ನೋಡೋಣ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರ. ಮೂರು ಎಕರೆ ತೋಟ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ ಆಗಿ, ಔಷಧ ಹೊಡೆದು, ಹಣ್ಣು ಕಿತ್ತು, ಒಣದ್ರಾಕ್ಷಿಗೆ ಅಂತ ಶೆಡ್ಡಿನಲ್ಲಿ ಹರಡಿದ್ದಾನೆ. ಮಾರ್ಚ್‌ನಲ್ಲಿ ಅಕಾಲ ಮಳೆ ಬಂತು. ಒಣಗುತ್ತಿದ್ದ ಮಾಲಿನಲ್ಲಿ ಅರ್ಧದಷ್ಟು ಕಪ್ಪಾಯಿತು. ಬಣ್ಣ ಹೋದರೆ ರೇಟು ಹೋದಂತೆಯೇ. ರಾತ್ರಿ ಮೂರಕ್ಕೆ ಎಚ್ಚರಾಗಿ ಅವನು ಬರೆದ ವಾಕ್ಯ: 'ಎಲ್ಲಾ ಹಾಳಾತು. ದ್ರಾಕ್ಷಿ ಬೆಳಿಯೂದು ನನ್ನ ಕಡಿಂದ ಆಗೂದಿಲ್ಲ.' ನಂಬಿಕೆ 90.

ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ, ಯೋಚನೆ ನಿಜ ಅನ್ನುವುದಕ್ಕೆ ಸಾಕ್ಷಿ. ಮೊದಲು ಇದನ್ನೇ ಬರೆಯಬೇಕು, ಮನಸಾರೆ ಬರೆಯಬೇಕು. ಇದನ್ನು ಹಾರಿಸಿ ನೇರ ಬಲಗಡೆಗೆ ಹೋದರೆ ಮನಸ್ಸು 'ನನ್ನ ಮಾತು ನೀ ಕೇಳಲೇ ಇಲ್ಲ' ಅಂತ ಮುನಿಸಿಕೊಂಡು ರಾತ್ರಿ ಮತ್ತೆ ಬರುತ್ತದೆ. ಅವನ ಎಡಗಡೆ: ಅರ್ಧ ಮಾಲು ಕಪ್ಪಾಗಿದೆ. ಬ್ಯಾಂಕಿನ ಸಾಲ ಬಾಕಿ ಇದೆ. ಹಿಂದೊಮ್ಮೆ ರೇಟು ಬಿದ್ದು ಖರ್ಚು ಹುಟ್ಟಿರಲಿಲ್ಲ. ಮಳೆ ಬರುತ್ತದೆ ಅಂತ ಹಿಂದಿನ ದಿನ ಸುದ್ದಿ ಇತ್ತು, ತಾಡಪತ್ರಿ ಕಟ್ಟಲು ತಡ ಮಾಡಿದೆ. ನನಗೆ ಬುದ್ಧಿ ಇಲ್ಲ.

ಕೊನೆಯದನ್ನು ಹೊಡೆದು ಹಾಕಬೇಕು. 'ಬುದ್ಧಿ ಇಲ್ಲ' ಅನ್ನುವುದು ಸಾಕ್ಷಿ ಅಲ್ಲ, ಅದೇ ದೂರು ಇನ್ನೊಂದು ಅಂಗಿ ಹಾಕಿಕೊಂಡು ಬಂದಿದೆ. ಉಳಿದ ನಾಲ್ಕೂ ನಿಜ. ತಾಡಪತ್ರಿಯದ್ದೂ ನಿಜ. ಅದನ್ನು ಮುಚ್ಚಿಡಬಾರದು.

ಬಲಗಡೆ ತುಂಬಿಸುವುದು ಕಷ್ಟ. ಮನಸ್ಸು ಕುಗ್ಗಿದಾಗ ಒಳ್ಳೆಯ ನೆನಪುಗಳು ಕೈಗೇ ಸಿಗುವುದಿಲ್ಲ. ಅದಕ್ಕೆ ಈ ಪ್ರಶ್ನೆಗಳು ಬೇಕು:

ಈ ಮಾತಿಗೆ ಪೂರ್ತಿ ಹೊಂದದ ಒಂದು ಘಟನೆಯಾದರೂ ಇದೆಯೇ? ಹೋದ ವರ್ಷ ಮಾಲು ಚೆನ್ನಾಗಿ ಬಂದಿತ್ತು. ಈ ಸಲ ಡೌನಿ ರೋಗ ಬಂದಾಗ ತೋಟ ಉಳಿಸಿಕೊಂಡದ್ದು ಅವನೇ.

ಇದಕ್ಕೆ ನನ್ನ ಹೊರತು ಬೇರೆ ಕಾರಣ ಏನೇನಿವೆ? ಮಳೆ. ಪಕ್ಕದ ಶೆಡ್ಡಿನವರ ಮಾಲೂ ಕಪ್ಪಾಗಿದೆ, ಅವರು ಇಪ್ಪತ್ತು ವರ್ಷದ ಅನುಭವಸ್ಥರು.

ಇದೇ ಗತಿ ತಮ್ಮನಿಗೆ ಬಂದಿದ್ದರೆ ನಾನು ಏನು ಹೇಳುತ್ತಿದ್ದೆ? 'ನಿನ್ನ ಕಡಿಂದ ಆಗೂದಿಲ್ಲ, ಬಿಡು' ಅಂತ ಹೇಳುತ್ತಿದ್ದನೇ? 'ಉಳಿದ ಅರ್ಧ ಮೊದಲು ನೋಡ್ಕೊ' ಅನ್ನುತ್ತಿದ್ದ.

'ಎಲ್ಲಾ' ಅಂದೆನಲ್ಲ, ಎಷ್ಟು? ಹಾಳಾದದ್ದು ಅರ್ಧ. ಕಪ್ಪಾದದ್ದಕ್ಕೂ ಕಡಿಮೆಯಾದರೂ ಒಂದು ರೇಟು ಇದೆ.

ತೀರಾ ಕೆಟ್ಟದ್ದು ಅಂದರೆ ಏನಾದೀತು, ಆದರೆ ಏನು ಮಾಡುತ್ತೇನೆ? ಕಂತು ಕಟ್ಟಲು ಆಗದೆ ಹೋದೀತು. ಹಾಗಾದರೆ ಬ್ಯಾಂಕಿಗೆ ಹೋಗಿ ಅವಧಿ ಕೇಳಬೇಕು.

ಎಲ್ಲ ಪ್ರಶ್ನೆ ಎಲ್ಲ ಯೋಚನೆಗೆ ಹೊಂದುವುದಿಲ್ಲ. ಎರಡು ಹೊಂದಿದರೂ ಸಾಕು. ನನ್ನ ಪ್ರಕಾರ ತಮ್ಮನ ಪ್ರಶ್ನೆಯೇ ಎಲ್ಲಕ್ಕಿಂತ ಗಟ್ಟಿ. ತಮ್ಮ ಇಲ್ಲದಿದ್ದರೆ ತಂಗಿ, ಗೆಳತಿ, ಮಗಳು. ನಮ್ಮವರ ವಿಷಯದಲ್ಲಿ ನ್ಯಾಯ ಹೇಳಲು ನಮಗೆಲ್ಲ ಬರುತ್ತದೆ. ಇನ್ನೊಂದು ಉಪಾಯ ನಿಮ್ಮನ್ನು ನೀವೇ ಹೆಸರು ಹಿಡಿದು ಮಾತಾಡಿಸುವುದು. 'ನಾನು ಯಾಕೆ ಹೀಗೆ' ಅನ್ನುವ ಬದಲು ನಿಮ್ಮ ಹೆಸರು ಹೇಳಿ 'ನೋಡಪಾ, ಈಗ ಆಗಿದ್ದೇನು?' ಅಂತ ಕೇಳಿ. ಸ್ವಲ್ಪ ದೂರ ನಿಂತು ನೋಡಿದಂತಾಗುತ್ತದೆ. ಮನೆಯವರ ಮುಂದೆ ಜೋರಾಗಿ ಮಾಡಬೇಡಿ ಮತ್ತೆ!

ಹಂತ 5: ಹೊಸ ವಾಕ್ಯ ಬರೆಯುವುದು

ಎರಡೂ ಕಡೆಯದ್ದನ್ನು ಓದಿ ಒಂದು ವಾಕ್ಯ ಮಾಡಿ. ಅದರಲ್ಲಿ ಎಡಗಡೆಯ ಕಹಿಯೂ ಇರಬೇಕು. ಬೆಳೆಗಾರ ಬರೆದದ್ದು ಹೀಗೆ: 'ಮಳಿಗೆ ಅರ್ಧ ಮಾಲು ಕರ್ರಗಾಗ್ಯದ. ತಾಡಪತ್ರಿ ಕಟ್ಟೂದು ತಡಾ ಆತು. ಲುಕ್ಸಾನ ಅದ, ಸಾಲಾನೂ ಅದ. ಆದ್ರ ದ್ರಾಕ್ಷಿ ಬೆಳಿಯೂದು ನನಗ ಬರ್ತದ.'

ಈಗ ಹಳೆಯ ವಾಕ್ಯವನ್ನು ಮತ್ತೆ ಓದಿ ಅಂಕಿ ಹಾಕಿ. 90 ಇದ್ದದ್ದು 55ಕ್ಕೆ ಬಂದರೆ ಅದು ಒಳ್ಳೆಯ ಕೆಲಸವೇ. ಸೊನ್ನೆಗೆ ಬರಬೇಕು ಅಂತ ಕಾಯಬೇಡಿ. 90ರಲ್ಲಿ ಮನುಷ್ಯ ಹಾಸಿಗೆಯಲ್ಲೇ ಬಿದ್ದಿರುತ್ತಾನೆ, 55ರಲ್ಲಿ ಎದ್ದು ಶೆಡ್ಡಿಗೆ ಹೋಗುತ್ತಾನೆ. ಅಂಕಿ ಅಲ್ಲಾಡಲೇ ಇಲ್ಲ ಅಂದರೆ ಸಾಮಾನ್ಯವಾಗಿ ನೀವು ಬೇರನ್ನು ಬಿಟ್ಟು ಕೊಂಬೆಯನ್ನು ಕೇಳಿದ್ದೀರಿ. ಎರಡನೇ ಹಂತಕ್ಕೆ ವಾಪಸ್ ಹೋಗಿ 'ಏನಾತು, ಏನಾತು' ಅಂತ ಇಳಿಯಿರಿ.

ಹಂತ 6: ಮಾಡಿ ನೋಡುವುದು

'ತಲಿಗೆ ತಿಳೀತದ, ಎದಿಗೆ ತಿಳೀವಲ್ದು' ಅನ್ನುವವರಿಗೆ ಈ ಹಂತ. ಕೆಲವು ಯೋಚನೆ ಕಾಗದದ ಮೇಲೆ ಕರಗುವುದಿಲ್ಲ, ಹೊರಗೆ ಹೋಗಿ ಪರೀಕ್ಷೆ ಮಾಡಬೇಕು.

ಹುಕ್ಕೇರಿ ತಾಲ್ಲೂಕಿನ ಹಳ್ಳಿಯಿಂದ ಬಂದು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ ಅಂದುಕೊಳ್ಳೋಣ. ಕನ್ನಡ ಮಾಧ್ಯಮ. 'ಕ್ಲಾಸಿನಾಗ ಪ್ರಶ್ನೆ ಕೇಳಿದ್ರ ನನ್ನ ಇಂಗ್ಲಿಷಿಗೆ ಎಲ್ಲಾರೂ ನಗ್ತಾರ.' ನಂಬಿಕೆ 85. ಅವಳು ಮಾಡಬೇಕಾದದ್ದು: ಹೋಗುವ ಮೊದಲೇ ಭವಿಷ್ಯ ಬರೆದಿಡುವುದು. ಅರವತ್ತು ಜನರಲ್ಲಿ ಎಷ್ಟು ಜನ ನಗುತ್ತಾರೆ? ಮೇಡಂ ಏನು ಮಾಡುತ್ತಾರೆ? ಆಮೇಲೆ ಒಂದು ಚಿಕ್ಕ ಪ್ರಶ್ನೆ ತಯಾರು ಮಾಡಿಕೊಂಡು ಕೇಳುವುದು. ಕೇಳುವಾಗ ತಲೆ ತಗ್ಗಿಸಿ ನೋಟ್ಸ್ ನೋಡುತ್ತಾ ಕೂತರೆ ಪರೀಕ್ಷೆ ಆಗುವುದಿಲ್ಲ. ತಲೆ ಎತ್ತಿ ಎಣಿಸಬೇಕು. ಇಬ್ಬರು ನಕ್ಕರು, ಉಳಿದವರು ಮೊಬೈಲ್ ನೋಡುತ್ತಿದ್ದರು, ಮೇಡಂ ಉತ್ತರ ಹೇಳಿ ಮುಂದಕ್ಕೆ ಹೋದರು ಅಂತಿಟ್ಟುಕೊಳ್ಳಿ. ಇಬ್ಬರು ನಕ್ಕದ್ದನ್ನೂ ಬರೆಯಬೇಕು. 'ಎಲ್ಲಾರೂ' ಅನ್ನುವುದು 'ಇಬ್ಬರು' ಆದದ್ದು ಇಲ್ಲಿನ ಲಾಭ. ಒಂದು ಸಲ ಸಾಲದು. ಮುಂದಿನ ವಾರ ಇನ್ನೊಂದು ಪ್ರಶ್ನೆ.

ಪರೀಕ್ಷೆ ಚಿಕ್ಕದಿರಲಿ. ಸ್ಟೇಜ್ ಮೇಲೆ ಭಾಷಣದಿಂದ ಶುರು ಮಾಡಬೇಡಿ.

ಯೋಚನೆ ನಿಜವೇ ಆಗಿದ್ದರೆ?

ಆಗಿರುತ್ತದೆ, ಎಷ್ಟೋ ಸಲ. ಕಾರ್ಖಾನೆಯಿಂದ ಕಬ್ಬಿನ ಬಾಕಿ ಬಂದಿಲ್ಲ, ಮಗಳ ಫೀ ಕಟ್ಟಬೇಕು. ಅಲ್ಲಿ ಪ್ರಶ್ನಿಸಲು ಏನೂ ಇಲ್ಲ. ಪುಟ ತಿರುಗಿಸಿ 'ಈ ವಾರ ಮಾಡಬಹುದಾದ ಕೆಲಸ' ಅಂತ ಬರೆಯಿರಿ: ಯಾರಿಗೆ ಫೋನ್, ಯಾವ ಕಾಗದ, ಯಾವ ದಿನ. ಸಾಲ ನಿಜಸಂಗತಿ. 'ಸಾಲ ಐತಿ, ಇನ್ನ ಊರಾಗ ಮುಖಾ ತೋರಸಾಕ ಆಗೂದಿಲ್ಲ' ಅನ್ನುವುದರಲ್ಲಿ ಎರಡನೇ ಅರ್ಧ ಯೋಚನೆ. ಮೊದಲನೆಯದಕ್ಕೆ ಬ್ಯಾಂಕು, ಎರಡನೆಯದಕ್ಕೆ ನೋಟ್‌ಬುಕ್. ಬಡತನವನ್ನೋ ಅನ್ಯಾಯವನ್ನೋ 'ನಿನ್ನ ಯೋಚನೆ ಸರಿ ಇಲ್ಲ' ಅಂತ ತಳ್ಳಿಹಾಕುವವರನ್ನು ನಂಬಬೇಡಿ.

ಗಂಡ ಹೊಡೆಯುತ್ತಾನೆ ಅನ್ನುವ ಹೆದರಿಕೆಯೂ ಹಾಗೆಯೇ. ಅದನ್ನು ಪ್ರಶ್ನಿಸುತ್ತಾ ಕೂರಬಾರದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಎಷ್ಟು, ಯಾವಾಗ

ದಿನಕ್ಕೆ ಒಂದು ಯೋಚನೆ, ಕಾಲು ಗಂಟೆ. ಸಂಜೆ ಚಹಾ ಆದ ಮೇಲೆ ಒಳ್ಳೆಯ ಹೊತ್ತು. ರಾತ್ರಿ ಮೂರಕ್ಕೆ ವಿಚಾರಣೆ ನಡೆಸಬೇಡಿ. ನಿದ್ದೆಗೆಟ್ಟ ತಲೆ ಎಡಗಡೆಯನ್ನೇ ತುಂಬಿಸುತ್ತದೆ. ವಾಕ್ಯ ಒಂದನ್ನು ಬರೆದಿಟ್ಟು ಮಲಗಿ, ಉಳಿದದ್ದು ನಾಳೆ. ಕಾಲು ಗಂಟೆ ಮುಗಿದ ಮೇಲೂ ಅದೇ ಮಾತು ತಲೆಯಲ್ಲಿ ತಿರುಗುತ್ತಿದ್ದರೆ ಅದು ಪ್ರಶ್ನಿಸುವುದಲ್ಲ, ಬರೀ ಕೊರಗು. ಎದ್ದು ಕೈಗೆ ಕೆಲಸ ಕೊಡಿ. ಸಿಬಿಟಿಯಲ್ಲಿ ತಜ್ಞರ ಜೊತೆ ಕೂತು ಮಾಡುವಾಗಲೂ ಸಾಮಾನ್ಯವಾಗಿ 12ರಿಂದ 20 ಭೇಟಿ ಹಿಡಿಯುತ್ತದೆ. ಒಂದು ವಾರಕ್ಕೆ ಫಲ ಕಾಣಲಿಲ್ಲ ಅಂತ ಬಿಡುವ ಕೆಲಸ ಇದಲ್ಲ.

ನೋಟ್‌ಬುಕ್ ಸಾಲದ ಸಂದರ್ಭಗಳು

ಮನೆಯಲ್ಲಿ ಸಾವಾಗಿದ್ದರೆ ದುಃಖವನ್ನು ಪ್ರಶ್ನಿಸಬೇಡಿ, ಅಳು ಬಂದರೆ ಅಳಿ. ಬೀಗ ಹಾಕಿದೆನೋ ಇಲ್ಲವೋ, ಕೈ ಸ್ವಚ್ಛ ಆಯಿತೋ ಇಲ್ಲವೋ ಅಂತ ಮತ್ತೆ ಮತ್ತೆ ನೋಡುವ ಗೀಳು ಇದ್ದವರಿಗೆ ಸಾಕ್ಷಿ ಹುಡುಕುವುದೇ ಇನ್ನೊಂದು ಗೀಳಾಗಬಹುದು. ಅದಕ್ಕೆ ಬೇರೆ ರೀತಿಯ ಚಿಕಿತ್ಸೆ ಇದೆ, ತಜ್ಞರ ಹತ್ತಿರವೇ ಹೋಗಬೇಕು.

ಎರಡು ವಾರಕ್ಕಿಂತ ಜಾಸ್ತಿ ದಿನವೆಲ್ಲ ಬೇಸರ, ನಿದ್ದೆ ಊಟ ಕೆಟ್ಟಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಇದ್ದರೆ ವೈದ್ಯರನ್ನು ಕಾಣಿ. ಸಾಯಬೇಕು ಅನ್ನುವ ಯೋಚನೆ ಒಂದೇ ಸಲ ಬಂದರೂ ಒಬ್ಬರೇ ಕೂತು ಗೆರೆ ಎಳೆಯಬೇಡಿ. ಹತ್ತಿರದವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಕೀಟನಾಶಕದ ಡಬ್ಬಿ ಇದ್ದರೆ ಬೇರೆಯವರ ಕೈಗೆ ಕೊಟ್ಟು ಬೀಗ ಹಾಕಿಸಿ.

ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಬೆಳಗಾವಿಯವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಹತ್ತಿರವೇ, ಸುಮಾರು 80 ಕಿಲೋಮೀಟರ್. ಅಲ್ಲಿ ವೈದ್ಯರು ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟರೆ ಗಾಬರಿ ಆಗಬೇಡಿ. ಥೈರಾಯ್ಡ್ ಕಡಿಮೆ ಆದರೂ, ಬಿ12 ಕೊರತೆ ಆದರೂ ಮನಸ್ಸು ಹೀಗೇ ಕುಗ್ಗುತ್ತದೆ. ಮಾತ್ರೆ ಕೊಟ್ಟರೆ ಎಷ್ಟು ದಿನ, ಯಾವಾಗ ನಿಲ್ಲಿಸುವುದು ಅಂತ ಕೇಳಿಕೊಂಡು ಬನ್ನಿ. ನಾಲ್ಕು ದಿನಕ್ಕೆ ಚೆನ್ನಾಗಿ ಅನಿಸಿತು ಅಂತ ನೀವೇ ಬಿಡಬೇಡಿ.